ಅಂಧೇರಿಯ ಮನೆಗೆ ಬೇಕಾದದ್ದು ಒಣಗುವ ಹೊತ್ತು

ಅಂಧೇರಿಯಲ್ಲಿ ದಿನಕ್ಕೆ ಎರಡು ಸಲ ನೆಲ ಒರೆಸುವ ಮನೆಗಳಲ್ಲೂ ಜುಲೈ ಬಂತೆಂದರೆ ಮುಗ್ಗಲು ವಾಸನೆ ಏಳುತ್ತದೆ. ಕಪಾಟಿನ ಹಿಂದಿನ ಗೋಡೆಗೆ ಕಪ್ಪು ಚುಕ್ಕೆ, ರೇಷ್ಮೆ ಸೀರೆಯ ಮಡಿಕೆಗೆ ಬಿಳಿ ಬೂಷ್ಟು, ಚರ್ಮದ ಬೆಲ್ಟಿಗೆ ಹಸಿರು ಪುಡಿ, ಸಿಂಕಿನ ಅಡಿಯ ಕತ್ತಲಲ್ಲಿ ಜಿರಳೆ. ಇದಕ್ಕೆ ಮನೆಯವರ ಉದಾಸೀನವನ್ನೋ ಕೆಲಸಕ್ಕೆ ಬರುವ ಬಾಯಿಯ (ಮನೆಗೆಲಸದಾಕೆಯ) ಅವಸರವನ್ನೋ ದೂರುವುದು ವಾಡಿಕೆ. ಪರಿಹಾರವೆಂದು ಇನ್ನೊಂದು ಬಕೆಟ್ ನೀರು, ಇನ್ನೊಂದು ಮುಚ್ಚಳ ಫಿನಾಯಿಲ್ ಸುರಿಯುತ್ತೇವೆ. ಹಾಗೆ ಸುರಿದ ನೀರೂ ಮನೆಯೊಳಗೇ ಉಳಿಯುತ್ತದೆ. ಅಂಧೇರಿಯ ಫ್ಲ್ಯಾಟುಗಳಲ್ಲಿ ಆರೋಗ್ಯ ಕೆಡಿಸುವುದು ಕೊಳೆಗಿಂತ ಹೆಚ್ಚಾಗಿ, ಹೊರಗೆ ಹೋಗಲು ದಾರಿ ಸಿಗದೆ ಒಳಗೇ ನಿಂತ ತೇವ. ಆದ್ದರಿಂದ ಇಲ್ಲಿನ ಮನೆಗೆಲಸದ ಕ್ರಮವನ್ನೇ ಒಣಗಿಸುವಿಕೆಯ ಸುತ್ತ ಹೊಸದಾಗಿ ಜೋಡಿಸಿಕೊಳ್ಳಬೇಕು ಎಂಬುದು ಈ ಲೇಖನದ ವಾದ. ಎಷ್ಟು ತೊಳೆದೆವು ಎಂಬುದಕ್ಕಿಂತ, ತೊಳೆದದ್ದು ಎಷ್ಟು ಬೇಗ ಒಣಗಿತು ಎಂಬುದನ್ನು ಗಮನಿಸುವ ಮನೆ ಕಡಿಮೆ ಶ್ರಮದಲ್ಲಿ ಹೆಚ್ಚು ಸ್ವಚ್ಛವಾಗಿರುತ್ತದೆ.

ಅಂಧೇರಿಗೆ ಹತ್ತಿರದ ಹವಾಮಾನ ಕೇಂದ್ರ ಸಾಂತಾಕ್ರೂಜ್‌ನದು. ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ವಾಡಿಕೆಯಂತೆ 2,200 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ. ಬೆಂಗಳೂರಿಗೆ ಇಡೀ ವರ್ಷದಲ್ಲಿ ಬರುವ ಮಳೆಗೆ ಹತ್ತಿರ ಹತ್ತಿರದಷ್ಟು ಇಲ್ಲಿ ಜುಲೈ ಒಂದರಲ್ಲೇ ಸುರಿಯುತ್ತದೆ. 2005ರ ಜುಲೈ 26ರಂದು ಇದೇ ಕೇಂದ್ರದಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ದಾಖಲಾಯಿತು. ಆ ದಿನವನ್ನು ಮುಂಬಯಿ ಮರೆತಿಲ್ಲ. ಆದರೆ ಮನೆಯ ಮಟ್ಟಿಗೆ ಮುಖ್ಯವಾದದ್ದು ಇಂಥ ಒಂದು ದಿನದ ಪ್ರಳಯವಲ್ಲ, ಜುಲೈ-ಆಗಸ್ಟ್‌ಗಳಲ್ಲಿ ವಾರಗಟ್ಟಲೆ ಶೇ 80ರ ಮೇಲೆಯೇ ನಿಲ್ಲುವ ಗಾಳಿಯ ತೇವಾಂಶ. ಆ ಗಾಳಿಯಲ್ಲಿ ಒರೆಸುವ ಬಟ್ಟೆ ರಾತ್ರಿಯಿಡೀ ತೂಗಿದರೂ ಒಣಗುವುದಿಲ್ಲ. ಬಚ್ಚಲಿನ ಗೋಡೆ ಒಂದು ಸ್ನಾನದಿಂದ ಮುಂದಿನ ಸ್ನಾನದವರೆಗೂ ಒದ್ದೆಯಾಗಿಯೇ ಇರುತ್ತದೆ.

ಅಂಧೇರಿಗೆ ಬಂದು ನೆಲೆಸಿದ ಕನ್ನಡ, ತುಳು ಮನೆಗಳಿಗೆ ಇದರಲ್ಲಿ ಒಂದು ವಿಶೇಷ ತೊಡಕಿದೆ. ಇರ್ಲಾದ ಅದಮಾರು ಮಠದಿಂದ ಪಶ್ಚಿಮದ ಮೊಗವೀರ ಭವನದವರೆಗೆ, ಪೂರ್ವದ ಮರೋಲ್, ಚಕಾಲಾಗಳ ಗಲ್ಲಿಗಳವರೆಗೆ ಹರಡಿಕೊಂಡಿರುವ ಈ ಕುಟುಂಬಗಳಲ್ಲಿ ಬಹಳಷ್ಟು ಕರಾವಳಿಯಿಂದ ಬಂದವು. ಮಳೆ ಅವರಿಗೆ ಹೊಸತಲ್ಲ, ಮಂಗಳೂರು-ಉಡುಪಿಗಳಲ್ಲಿ ಇಲ್ಲಿಗಿಂತ ಹೆಚ್ಚೇ ಸುರಿಯುತ್ತದೆ. ಆದರೆ ಆ ಮಳೆಯನ್ನು ಅಲ್ಲಿನ ಮನೆ ಎದುರಿಸುತ್ತಿದ್ದ ಬಗೆ ಬೇರೆ. ಹಂಚಿನ ಮಾಡಿನ ಸಂದುಗಳಿಂದ ಗಾಳಿ ಆಡುತ್ತಿತ್ತು. ಬಚ್ಚಲುಮನೆ ವಾಸದ ಕೋಣೆಗಳಿಂದ ದೂರವಿತ್ತು, ಹಂಡೆಯ ಕೆಳಗಿನ ಬೆಂಕಿ ಅದನ್ನು ಒಣಗಿಸುತ್ತಿತ್ತು. ಒಲೆಯ ಮೇಲಿನ ಅಟ್ಟದಲ್ಲಿ ಸೌದೆ, ತೆಂಗಿನಕಾಯಿ, ಅಡಕೆಗಳು ಹೊಗೆಯ ಬಿಸಿಗೆ ಬೆಚ್ಚಗಿರುತ್ತಿದ್ದವು. ಅಂಗಳಕ್ಕೂ ಜಗಲಿಗೂ ನೀರು ಹೊಯ್ದು ತೊಳೆದರೆ ಆ ನೀರು ತೋಟಕ್ಕೆ ಹರಿದುಹೋಗುತ್ತಿತ್ತು. ಒಣಗಿಸುವ ಕೆಲಸವನ್ನು ಮನೆಯೇ ಮಾಡುತ್ತಿದ್ದುದರಿಂದ ಗೃಹಿಣಿ ತೊಳೆಯುವುದನ್ನಷ್ಟೇ ನೋಡಿಕೊಂಡರೆ ಸಾಕಾಗಿತ್ತು. ಕಾಂಕ್ರೀಟಿನ ಫ್ಲ್ಯಾಟಿನಲ್ಲಿ ಆ ಅರ್ಧ ಕೆಲಸ ಮಾಡುವವರು ಯಾರೂ ಇಲ್ಲ. ಅಡುಗೆ, ಸ್ನಾನ, ಬಟ್ಟೆ ಒಣಗಿಸುವುದು, ಮಲಗುವುದು ಎಲ್ಲವೂ ಒಂದೇ ಗಾಳಿಯೊಳಗೆ ನಡೆಯುತ್ತವೆ. ಹೊಯ್ದ ನೀರು, ಬಚ್ಚಲಿನ ನೀರು ಹೊರಹೋಗುವ ನಹಾನಿ ಟ್ರ್ಯಾಪಿನ ಸುತ್ತಲಿನ ಬಿರುಕಿನಲ್ಲಿ ಇಳಿದು ಕೆಳಗಿನ ಮನೆಯವರ ಛಾವಣಿಯಲ್ಲಿ ಕಾಣಿಸಿಕೊಳ್ಳುತ್ತದೆ. ಸೊಸೈಟಿಗಳ ಸಭೆಯಲ್ಲಿ ಅತಿ ಹೆಚ್ಚು ಜಗಳಕ್ಕೆ ಕಾರಣವಾಗುವ ಸಂಗತಿಗಳಲ್ಲಿ ಈ ಲೀಕೇಜೂ ಒಂದು.

ತೊಳೆದರಷ್ಟೇ ಸಾಲದು ಎಂಬ ಪಾಠವನ್ನು ಮುಂಬಯಿ ಬಹಳ ದೊಡ್ಡ ಬೆಲೆ ತೆತ್ತು ಒಮ್ಮೆ ಕಲಿತಿತ್ತು. 1896ರ ಸೆಪ್ಟೆಂಬರ್‌ನಲ್ಲಿ ನಗರದ ಮಾಂಡ್ವಿಯಲ್ಲಿ ಡಾ. ಅಕಾಸಿಯೊ ವಿಯೆಗಾಸ್ ಪ್ಲೇಗನ್ನು ಗುರುತಿಸಿದಾಗ ಆಡಳಿತ ಮೊದಲು ನೆಚ್ಚಿದ್ದು ತೊಳೆಯುವುದನ್ನೇ. ಚರಂಡಿಗಳಿಗೆ ಕಾರ್ಬೋಲಿಕ್ ಆಮ್ಲ, ಸಮುದ್ರದ ನೀರು ಹರಿಸಿದರು, ಮನೆಗಳಿಗೆ ಸುಣ್ಣ ಬಳಿಸಿದರು. ಪ್ಲೇಗ್ ನಿಲ್ಲಲಿಲ್ಲ. ಅದನ್ನು ಹರಡುತ್ತಿದ್ದುದು ಇಲಿಯ ಮೈಮೇಲಿನ ಚಿಗಟ ಎಂದು 1898ರಲ್ಲಿ ಸಂಶೋಧಕ ಪಾಲ್-ಲೂಯಿ ಸಿಮೊಂಡ್ ತೋರಿಸಿದರು, ಅದನ್ನು ವೈದ್ಯಲೋಕ ಒಪ್ಪಲು ಇನ್ನೂ ಕೆಲವು ವರ್ಷ ಹಿಡಿಯಿತು. ಅದೇ 1898ರಲ್ಲಿ ಹುಟ್ಟಿದ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ನಿಧಾನವಾಗಿ ಬೇರೊಂದು ದಾರಿ ಹಿಡಿಯಿತು. ಅದರ ಅಧ್ಯಕ್ಷರಾಗಿದ್ದ ಜೆ. ಪಿ. ಓರ್ ಪ್ರತಿಪಾದಿಸಿದ ಅರವತ್ತಮೂರೂವರೆ ಡಿಗ್ರಿಯ ನಿಯಮದ ತಿರುಳು ಸರಳ: ಎದುರಿನ ಕಟ್ಟಡದ ಎತ್ತರ ನಡುವಿನ ತೆರವಿನ ಎರಡು ಪಟ್ಟು ಮೀರಬಾರದು, ಮೀರಿದರೆ ಕೆಳಗಿನ ಕೋಣೆಗೆ ಆಕಾಶದ ಬೆಳಕು ತಲುಪುವುದಿಲ್ಲ. ಔಷಧ ಸುರಿಯುವುದಕ್ಕಿಂತ ಬೆಳಕು-ಗಾಳಿಗೆ ಜಾಗ ಬಿಡುವುದು ಮುಖ್ಯ ಎಂಬ ತಿಳಿವಳಿಕೆ ಇದು. ಅಂಧೇರಿ ಆಗ ಮುಂಬಯಿಯ ಮೇರೆಯ ಹೊರಗಿತ್ತು, ನಗರಕ್ಕೆ ಸೇರಿದ್ದು 1950ರಲ್ಲಿ. ಆದರೆ ಇಂದು ಮರುನಿರ್ಮಾಣದ ಗೋಪುರಗಳ ನಡುವೆ ಸಿಕ್ಕಿಕೊಂಡ ಇಲ್ಲಿನ ಹಳೆಯ ಮೂರು ಮಾಳಿಗೆಯ ಕಟ್ಟಡಗಳನ್ನು ನೋಡಿದರೆ ಆ ನಿಯಮವನ್ನು ಇಷ್ಟು ಸುಲಭವಾಗಿ ಮರೆತೆವಲ್ಲ ಎಂದು ಸಂಕಟವಾಗುತ್ತದೆ. ಗೋವಂಡಿ ಕಡೆಯ ಪುನರ್ವಸತಿ ಕಟ್ಟಡಗಳಲ್ಲಿ ಡಾಕ್ಟರ್ಸ್ ಫಾರ್ ಯು ಸಂಸ್ಥೆ ಮತ್ತು ಐಐಟಿ ಬಾಂಬೆಯ ತಜ್ಞರು ನಡೆಸಿದ ಅಧ್ಯಯನ, ಗಾಳಿ-ಬೆಳಕು ಸಿಗದ ಇಕ್ಕಟ್ಟಿನ ಮನೆಗಳಿಗೂ ಕ್ಷಯರೋಗಕ್ಕೂ ಇರುವ ನಂಟನ್ನು ಎತ್ತಿ ತೋರಿಸಿತು. ಆ ಕಟ್ಟಡಗಳ ಒಳಗೂ ದಿನವೂ ನೆಲ ಒರೆಸುವವರು ಇದ್ದೇ ಇದ್ದರು.

ತೇವ ಮಳೆಯಿಂದಷ್ಟೇ ಬರುವುದಿಲ್ಲ. ನಾಲ್ಕು ಜನರಿರುವ ಮನೆಯಲ್ಲಿ ಉಸಿರು, ಬೆವರು, ಅಡುಗೆ, ಸ್ನಾನ, ಒಗೆದ ಬಟ್ಟೆ ಎಲ್ಲ ಸೇರಿ ದಿನಕ್ಕೆ ಸುಮಾರು 10 ಲೀಟರ್ ನೀರು ಆವಿಯಾಗಿ ಗಾಳಿಗೆ ಸೇರುತ್ತದೆ. ಮೆಷಿನ್‌ನಿಂದ ತೆಗೆದ ಒಂದು ಕಂತು ಬಟ್ಟೆಯೇ ಒಣಗುವಾಗ ಎರಡು ಲೀಟರಿನಷ್ಟು ನೀರು ಬಿಡುತ್ತದೆ. ಅದನ್ನು ಮಲಗುವ ಕೋಣೆಯ ಫ್ಯಾನಿನಡಿ ಹರಡಿದರೆ ಆ ನೀರು ಸೇರುವುದು ಹಾಸಿಗೆಗೆ, ಪರದೆಗೆ, ಕಪಾಟಿನ ಹಿಂಬದಿಯ ತಣ್ಣನೆಯ ಗೋಡೆಗೆ. ಹಾಸಿಗೆಯಲ್ಲಿ ಬದುಕುವ ಧೂಳಿನ ನುಸಿಗಳು ತಮಗೆ ಬೇಕಾದ ನೀರನ್ನು ಗಾಳಿಯ ತೇವದಿಂದಲೇ ಹೀರಿಕೊಳ್ಳುತ್ತವೆ. ತೇವಾಂಶ ಶೇ 50ಕ್ಕಿಂತ ಕೆಳಗೆ ಹೆಚ್ಚು ಕಾಲ ನಿಂತರೆ ಅವು ಸಾಯುತ್ತವೆ, ಏರಿದರೆ ಹೆಚ್ಚುತ್ತವೆ. ಗೋಡೆ, ಮರ, ಬಟ್ಟೆಗಳ ಮೇಲ್ಮೈಯಲ್ಲಿ ಶೇ 75-80ರ ತೇವ ನಿಂತರೆ ಬೂಷ್ಟು ಬೇರು ಬಿಡುತ್ತದೆ. ತೇವ ಹಿಡಿದ, ಬೂಷ್ಟು ಕಟ್ಟಿದ ಮನೆಗಳಲ್ಲಿ ವಾಸಿಸುವವರಿಗೆ ಉಬ್ಬಸ, ಕೆಮ್ಮು, ಉಸಿರಾಟದ ಸೋಂಕುಗಳ ಅಪಾಯ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಜಿರಳೆ ಆಹಾರವಿಲ್ಲದೆ ವಾರಗಟ್ಟಲೆ ಬದುಕಬಲ್ಲದು, ನೀರಿಲ್ಲದೆ ಅಷ್ಟು ದಿನ ಬದುಕಲಾರದು. ಹಾಗಾಗಿ ರಾತ್ರಿ ಒಣಗಿದ ಸಿಂಕು ಜಿರಳೆಗೆ ಯಾವ ಸ್ಪ್ರೇಗಿಂತಲೂ ದೊಡ್ಡ ಶತ್ರು.

ಕೆಲಸ ಬಚ್ಚಲಿನಿಂದ ಶುರುವಾಗಬೇಕು. ಕೊನೆಯ ಸ್ನಾನ ಮುಗಿಸಿದವರು ವೈಪರ್‌ನಿಂದ ಗೋಡೆಯನ್ನು ಭುಜದೆತ್ತರದಿಂದ ಕೆಳಕ್ಕೆ ಎಳೆದು, ನೆಲದ ನೀರನ್ನು ಮೋರಿಗೆ ತಳ್ಳಿದರೆ ಮುಕ್ಕಾಲು ಪಾಲು ನೀರು ಆವಿಯಾಗುವ ಮೊದಲೇ ಹೊರಟುಹೋಗುತ್ತದೆ. ಇದಕ್ಕೆ ಎರಡು ನಿಮಿಷ ಸಾಕು. ಆಮೇಲೆ ಎಗ್ಸಾಸ್ಟ್ ಫ್ಯಾನ್ ಅರ್ಧ ಗಂಟೆ ಓಡಲಿ. ಅದು ಓಡುವಾಗ ಬಚ್ಚಲಿನ ಬಾಗಿಲು ಪೂರ್ತಿ ಮುಚ್ಚಿ, ಕೆಳಗೆ ಒಂದು ಬೆರಳಿನ ಸಂದು ಇರಲಿ. ಗಾಳಿ ಒಳಗೆ ಬರಲು ದಾರಿಯಿಲ್ಲದಿದ್ದರೆ ಫ್ಯಾನ್ ತಿರುಗಿಯೂ ಪ್ರಯೋಜನವಿಲ್ಲ, ಬಾಗಿಲು ಹಾರುಹೊಡೆದಿದ್ದರೆ ಆವಿ ಹಾಲಿಗೆ ನುಗ್ಗುತ್ತದೆ. ಟವೆಲನ್ನು ಬಾಗಿಲ ಹಿಂದಿನ ಕೊಕ್ಕೆಗೆ ಮುದ್ದೆಯಾಗಿ ತೂಗುಹಾಕದೆ ಗ್ಯಾಲರಿಯ ತಂತಿಗೆ ಹರವಿ. ಟೈಲುಗಳ ಸಂದಿಯಲ್ಲಿ ಕಪ್ಪಾಗಿದ್ದರೆ ಸೋಪು, ಗಟ್ಟಿ ಬ್ರಷ್ಷಿನಿಂದ ಉಜ್ಜಿ ಒಣಗಿಸುವುದೇ ಮೊದಲ ಮದ್ದು. ಒಣಗದ ಸಂದಿಗೆ ಎಷ್ಟು ಬ್ಲೀಚ್ ಹಾಕಿದರೂ ಕೆಲವು ವಾರಗಳಲ್ಲಿ ಕಪ್ಪು ಮರಳುತ್ತದೆ.

ಅಡುಗೆಮನೆಯಲ್ಲಿ ಮುಖ್ಯವಾದವು ಎರಡು ವಸ್ತುಗಳು, ಪಾತ್ರೆ ಉಜ್ಜುವ ಸ್ಪಂಜು ಮತ್ತು ಕಟ್ಟೆ ಒರೆಸುವ ಬಟ್ಟೆ. ಮನೆಯಲ್ಲಿ ಬ್ಯಾಕ್ಟೀರಿಯಾ ಅತ್ಯಂತ ದಟ್ಟವಾಗಿ ಬೆಳೆಯುವ ಜಾಗಗಳಲ್ಲಿ ಇವು ಮುಂಚೂಣಿಯಲ್ಲಿವೆ, ಏಕೆಂದರೆ ಅವುಗಳಿಗೆ ಆಹಾರದ ಚೂರು, ಬೆಚ್ಚಗಿನ ಗಾಳಿ, ನೀರು ಮೂರೂ ಒಟ್ಟಿಗೆ ಸಿಗುತ್ತವೆ. ಹಳೆಯ ಹತ್ತಿ ಪಂಚೆ, ಸೀರೆಗಳನ್ನು ಹರಿದು ಏಳೆಂಟು ತುಂಡು ಇಟ್ಟುಕೊಂಡು ದಿನಕ್ಕೊಂದನ್ನು ಬಳಸಿ, ವಾರಕ್ಕೊಮ್ಮೆ ಒಟ್ಟಿಗೆ ಕುದಿಸಿ ಒಣಗಿಸುವುದು ಅಂಗಡಿಯ ಯಾವ ಸಾಮಾನಿಗಿಂತಲೂ ಮೇಲು. ಗ್ಯಾಸ್ ಉರಿಯುವಾಗ ನೀರಿನ ಆವಿಯ ಜೊತೆ ನೈಟ್ರೋಜನ್ ಡೈಆಕ್ಸೈಡ್ ಕೂಡ ಹುಟ್ಟುತ್ತದೆ, ಉಬ್ಬಸದ ಮಕ್ಕಳಿಗೆ ಅದು ಕೆಟ್ಟದ್ದು. ಹಾಗಾಗಿ ಒಗ್ಗರಣೆಯ ಘಾಟು ಬಂದಾಗ ಮಾತ್ರವಲ್ಲ, ಬರೀ ಅನ್ನ ಬೇಯುವಾಗಲೂ ಕಿಟಕಿಯ ಫ್ಯಾನ್ ಓಡಬೇಕು. ಗಾಳಿಯನ್ನು ಜಾಲರಿಯಿಂದ ಹಾಯಿಸಿ ಮತ್ತೆ ಕೋಣೆಗೇ ಬಿಡುವ ಚಿಮಣಿಗಳು ಜಿಡ್ಡನ್ನಷ್ಟೇ ಹಿಡಿಯುತ್ತವೆ. ಆವಿ ಹೊರಹೋಗಬೇಕಾದರೆ ಕೊಳವೆ ಹೊರಗಿನ ಗೋಡೆ ದಾಟಿರಬೇಕು. ಹಸಿ ಕಸ, ಒಣ ಕಸ ಬೇರೆ ಮಾಡುವುದನ್ನು 2016ರ ಘನತ್ಯಾಜ್ಯ ನಿಯಮಗಳು ಕಡ್ಡಾಯ ಮಾಡಿದವು. ಕಾನೂನಿನ ಮಾತು ಬಿಟ್ಟರೂ, ತರಕಾರಿ ಸಿಪ್ಪೆಯ ನೀರು ಸೋಸಿ ಕಾಗದದಲ್ಲಿ ಸುತ್ತಿ ಹಾಕಿದರೆ ಡಬ್ಬಿ ನಾರುವುದಿಲ್ಲ, ನೊಣ ಬರುವುದಿಲ್ಲ.

ಇನ್ನು ಮನೆಯ ಅಚ್ಚುಕಟ್ಟು. ಇದನ್ನು ಕಣ್ಣಿಗೆ ಚೆಂದ ಎಂಬ ಕಾರಣಕ್ಕೆ ಮಾತ್ರ ಹೇಳುವವರು ಅದರ ಅರ್ಧ ಬೆಲೆಯನ್ನಷ್ಟೇ ಕಂಡಿದ್ದಾರೆ. ಮುಂಬಯಿಯ ಕೊಳೆಗೇರಿ ಪುನರ್ವಸತಿ ಮನೆಯ ಅಳತೆ ಬಹುಕಾಲ 225 ಚದರ ಅಡಿ ಇತ್ತು, ಆಮೇಲೆ 269, ಈಚೆಗೆ 300 ಆಗಿದೆ. ಅಂಧೇರಿಯ ಮಧ್ಯಮ ವರ್ಗದ ಒಂದು ಬೆಡ್‌ರೂಮಿನ ಮನೆಯೂ ಅದಕ್ಕಿಂತ ಬಹಳ ದೊಡ್ಡದೇನಲ್ಲ. ಇಷ್ಟು ಜಾಗದಲ್ಲಿ ಗೋಡೆಗೆ ಒತ್ತಿ ನಿಲ್ಲಿಸಿದ ಪ್ರತಿಯೊಂದು ಸಾಮಾನೂ ಗಾಳಿಯ ಒಂದು ದಾರಿಯನ್ನು ಕಟ್ಟುತ್ತದೆ. ಲಾಫ್ಟಿನಲ್ಲಿ ತುರುಕಿದ ಟಿವಿಯ ರಟ್ಟಿನ ಪೆಟ್ಟಿಗೆ, ಮಂಚದ ಪೆಟ್ಟಿಗೆಯೊಳಗಿನ ಹಳೆಯ ಹಾಸಿಗೆ, ಮಕ್ಕಳ ಮುಗಿದ ತರಗತಿಯ ಪುಸ್ತಕ ಇವೆಲ್ಲ ತೇವ ಹೀರಿ ಹಿಡಿದಿಡುವ ವಸ್ತುಗಳು. ರಟ್ಟು ಜಿರಳೆಗೆ ಮೊಟ್ಟೆಯಿಡುವ ಮನೆಯೂ ಹೌದು. ಆದ್ದರಿಂದ ಸಾಮಾನು ಕಡಿಮೆ ಮಾಡುವಾಗ ಮೊದಲು ಹೊರಡಬೇಕಾದವು ರಟ್ಟು, ಹಳೆಯ ಕಾಗದ, ಬಳಸದ ಹತ್ತಿ ಹಾಸಿಗೆ. ಸ್ಟೀಲ್ ಪಾತ್ರೆ, ಗಾಜು, ಪ್ಲಾಸ್ಟಿಕ್ ಡಬ್ಬಿಗಳು ನಿಧಾನಕ್ಕೆ ಹೋದರೂ ನಡೆದೀತು. ಹೊರಗೋಡೆಗೆ ತಾಗಿದ ಕಪಾಟನ್ನು ಎರಡು-ಮೂರು ಇಂಚು ಮುಂದಕ್ಕೆ ಎಳೆಯಿರಿ, ಸಾಧ್ಯವಾದರೆ ಒಳಗೋಡೆಗೆ ಬದಲಿಸಿ. ಕಪಾಟಿನೊಳಗೆ ಮುಕ್ಕಾಲು ಭಾಗಕ್ಕಿಂತ ಹೆಚ್ಚು ತುಂಬಬೇಡಿ, ವಾರದಲ್ಲಿ ಒಂದು ದಿನ ಬಾಗಿಲು ತೆರೆದು ಮುಂದೆ ಫ್ಯಾನ್ ಹಾಕಿಡಿ. ಒಮ್ಮೆ ಉಟ್ಟ ಬಟ್ಟೆಯನ್ನು ಬೆವರು ಆರುವ ಮೊದಲೇ ಮಡಿಚಿ ಒಳಗಿಡುವುದರಿಂದಲೇ ಬೂಷ್ಟು ಹೆಚ್ಚಾಗಿ ಶುರುವಾಗುತ್ತದೆ.

ಕಪಾಟಿನ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ನುಸಿಗುಳಿಗೆಯೆಂದು ಹಾಕುವ ನ್ಯಾಫ್ತಲೀನ್ ಉಂಡೆ ತೇವವನ್ನು ಕಡಿಮೆ ಮಾಡುವುದಿಲ್ಲ, ವಾಸನೆಯನ್ನು ಮುಚ್ಚುತ್ತದೆ ಅಷ್ಟೆ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಹಸುಗೂಸಿಗೆ ಆ ಉಂಡೆಗಳ ಜೊತೆ ಇಟ್ಟಿದ್ದ ಬಟ್ಟೆ ಹೊದಿಸಿದರೂ ರಕ್ತಕಣಗಳು ಒಡೆದು ತೀವ್ರ ಕಾಮಾಲೆ ಬರಬಹುದು. ಈ ಕೊರತೆ ನಮ್ಮ ದೇಶದಲ್ಲಿ ಅಪರೂಪವಲ್ಲ. ಬಾಣಂತಿ-ಮಗು ಇರುವ ಮನೆಯಲ್ಲಿ ಹಳೆಯ ಪೆಟ್ಟಿಗೆಯಿಂದ ತೆಗೆದ ತೊಟ್ಟಿಲ ಬಟ್ಟೆ, ಕಂಬಳಿಗಳನ್ನು ತೊಳೆದು ಬಿಸಿಲಿಗೆ ಹಾಕದೆ ಬಳಸಬೇಡಿ. ಬಟ್ಟೆಗೆ ಬೇಕಾದದ್ದು ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ. ಅದೂ ಹೀರಿ ತುಂಬಿದ ಮೇಲೆ ನಿಷ್ಪ್ರಯೋಜಕ, ಹಾಗಾಗಿ ಆಗಾಗ ಬದಲಿಸಬೇಕು.

ಇಲ್ಲಿ ವಿಚಾರವಂತರು ಒಂದು ಆಕ್ಷೇಪ ಎತ್ತುತ್ತಾರೆ. ಹೊರಗೇ ಶೇ 85ರ ತೇವವಿರುವಾಗ ಕಿಟಕಿ ತೆರೆದರೆ ಮನೆ ಒಣಗುವುದು ಹೇಗೆ, ಇನ್ನಷ್ಟು ನೀರೇ ಒಳಗೆ ಬರುವುದಿಲ್ಲವೇ? ಪ್ರಶ್ನೆ ಸರಿಯಾಗಿದೆ, ಉತ್ತರದಲ್ಲಿ ಎರಡು ಪದರವಿದೆ. ಅಡುಗೆ, ಸ್ನಾನಗಳ ಹೊತ್ತಿನಲ್ಲಿ ಒಳಗಿನ ಗಾಳಿಯ ನೀರು ಹೊರಗಿನದಕ್ಕಿಂತಲೂ ಹೆಚ್ಚಿರುತ್ತದೆ. ಆಗ ಗಾಳಿ ಬದಲಿಸಿದರೆ ಕನಿಷ್ಠ ಹೊರಗಿನ ಮಟ್ಟಕ್ಕಾದರೂ ಇಳಿಯುತ್ತದೆ, ಚಲಿಸುವ ಗಾಳಿ ಗೋಡೆಯ ಮೇಲೆ ನೀರು ನಿಲ್ಲಲು ಬಿಡುವುದಿಲ್ಲ. ಅದಕ್ಕಿಂತ ಕೆಳಗಿಳಿಸಲು ಕಿಟಕಿಯಿಂದ ಆಗದು ಎಂಬುದೂ ಅಷ್ಟೇ ನಿಜ. ಎಸಿ ಇರುವ ಮನೆಗಳಲ್ಲಿ ಒಂದು ಕೋಣೆಯನ್ನು ಮುಚ್ಚಿ, ದಿನಕ್ಕೆ ಒಂದೆರಡು ಗಂಟೆ ಎಸಿಯ ಡ್ರೈ ಮೋಡ್ ಓಡಿಸಿ, ಒಗೆದ ಬಟ್ಟೆ, ಹಾಸಿಗೆ, ಪುಸ್ತಕಗಳನ್ನು ಆ ಕೋಣೆಯಲ್ಲೇ ಇಡುವುದು ಜಾಣತನ. ಆಗ ತೆಗೆದ ನೀರು ಕೊಳವೆಯಲ್ಲಿ ಹೊರಹೋಗುವುದನ್ನು ಕಣ್ಣಾರೆ ಕಾಣಬಹುದು. ಆದರೆ ಎಸಿಯೇ ಎಲ್ಲಕ್ಕೂ ಪರಿಹಾರ ಎನ್ನುವವರು ಒಂದು ಸಂಗತಿ ಗಮನಿಸಬೇಕು: ಮನೆಗಳಲ್ಲಿ ಹಾಕುವ ಸ್ಪ್ಲಿಟ್ ಎಸಿ ಹೊಸ ಗಾಳಿ ತರುವುದಿಲ್ಲ, ಅದೇ ಗಾಳಿಯನ್ನು ತಿರುಗಿಸುತ್ತದೆ. ಅದರ ಜಾಲರಿಯನ್ನು ತಿಂಗಳಿಗೊಮ್ಮೆಯಾದರೂ ತೊಳೆದು ಒಣಗಿಸದಿದ್ದರೆ ಅಲ್ಲೇ ಬೂಷ್ಟು ಕಟ್ಟಿ ಕೋಣೆಗೆಲ್ಲ ಹರಡುತ್ತದೆ. ತೇವಾಂಶ ತೋರಿಸುವ ಪುಟ್ಟ ಮಾಪಕ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಕಪಾಟಿನ ಬಳಿ ಅದು ಶೇ 70ರ ಮೇಲೆ ನಿಂತರೆ ಅಲ್ಲಿ ಗಾಳಿ ಆಡಬೇಕು ಎಂದರ್ಥ.

ಕಿಟಕಿ ತೆರೆದರೆ ಧೂಳು ಮತ್ತು ಸೊಳ್ಳೆ ಬರುತ್ತವೆ ಎಂಬುದು ಇನ್ನೊಂದು ಆಕ್ಷೇಪ. ಅಂಧೇರಿಯಲ್ಲಿ ಯಾವ ಬೀದಿಯಲ್ಲಿ ನೋಡಿದರೂ ಹಳೆಯ ಕಟ್ಟಡ ಕೆಡವಿ ಹೊಸತು ಏಳುತ್ತಿರುವಾಗ ಇದನ್ನು ತಳ್ಳಿಹಾಕುವಂತಿಲ್ಲ. ಧೂಳು ಹೆಚ್ಚಾಗಿ ಕಾಡುವುದು ನವೆಂಬರ್‌ನಿಂದ ಫೆಬ್ರವರಿವರೆಗೆ, ಮಳೆ ನಿಂತ ಮೇಲೆ. ತೇವ ಕಾಡುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಆಗ ಮಳೆಯೇ ಧೂಳನ್ನು ಕೆಳಗಿಳಿಸಿರುತ್ತದೆ. ಎರಡು ಕಾಲಕ್ಕೆ ಎರಡು ಕ್ರಮ ಇಟ್ಟುಕೊಂಡರೆ ಜಗಳವೇ ಇಲ್ಲ. ಚಳಿಗಾಲದಲ್ಲಿ ಪಕ್ಕದ ಕಾಮಗಾರಿ ನಡೆಯುವ ಹೊತ್ತು ಕಿಟಕಿ ಮುಚ್ಚಿ, ಒಣ ಪೊರಕೆಯ ಬದಲು ಹಿಂಡಿದ ಬಟ್ಟೆಯಿಂದ ಒರೆಸಿ. ಸೊಳ್ಳೆಗೆ ಜಾಲರಿಯೇ ಉತ್ತರ. ಸೊಳ್ಳೆ ಬತ್ತಿ ಹಚ್ಚಿ ಕಿಟಕಿ ಮುಚ್ಚಿಕೊಳ್ಳುವುದಂತೂ ಸರ್ವಥಾ ಬೇಡ. ಒಂದು ಬತ್ತಿ ಉರಿದಾಗ ಹೊಮ್ಮುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳಿಂದ ಹೊಮ್ಮುವಷ್ಟಿರುತ್ತವೆ ಎಂದು 2003ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಲೆಕ್ಕ ಹಾಕಿತ್ತು.

ಸೊಳ್ಳೆಯ ಮಾತು ಬಂದ ಮೇಲೆ ನೀರು ತುಂಬಿಡುವ ಪಾತ್ರೆಗಳನ್ನು ನೋಡಲೇಬೇಕು, ಏಕೆಂದರೆ ಅಂಧೇರಿಯ ಡೆಂಗಿಗೆ ಹೊರಗಿನ ಗಟಾರಕ್ಕಿಂತ ಮನೆಯೊಳಗಿನ ಶುದ್ಧ ನೀರು ಹೆಚ್ಚು ಕಾರಣ. ಪಾಲಿಕೆಯ ನೀರು ಗೊತ್ತಾದ ಹೊತ್ತಿಗಷ್ಟೇ ಬರುವುದರಿಂದ ಡ್ರಮ್ಮು, ಬಕೆಟ್, ಬಚ್ಚಲಿನ ಮೇಲಿನ ಟ್ಯಾಂಕುಗಳಲ್ಲಿ ತುಂಬಿಡುವುದು ಅನಿವಾರ್ಯ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಬಯಸುವುದು ಇಂಥ ನಿಂತ ಶುದ್ಧ ನೀರನ್ನೇ. ನಗರದ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿಗೂ ಮುಚ್ಚಳ ಸರಿಯಿಲ್ಲದ ಟ್ಯಾಂಕು ಬಹಳ ಪ್ರಿಯ. ಈಡಿಸ್ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಬೇಕಾದದ್ದು ಏಳರಿಂದ ಹತ್ತು ದಿನ. ವಾರಕ್ಕೊಮ್ಮೆ ಪಾತ್ರೆ ಖಾಲಿ ಮಾಡಬೇಕು ಎನ್ನುವುದು ಈ ಲೆಕ್ಕದಿಂದ. ಆದರೆ ನೀರು ಚೆಲ್ಲಿದರೆ ಸಾಲದು. ಈ ಸೊಳ್ಳೆಯ ಮೊಟ್ಟೆಗಳು ನೀರಿನ ಮಟ್ಟಕ್ಕಿಂತ ತುಸು ಮೇಲೆ ಪಾತ್ರೆಯ ಒಳಗೋಡೆಗೆ ಅಂಟಿಕೊಂಡಿರುತ್ತವೆ, ಒಣಗಿದ ಮೇಲೂ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡು ಮತ್ತೆ ನೀರು ತಾಗಿದಾಗ ಒಡೆಯುತ್ತವೆ. ಇಲ್ಲಿ ಬರೀ ಒಣಗಿಸುವುದರಿಂದ ಕೆಲಸವಾಗದು, ಪಾತ್ರೆಯ ಒಳಬದಿಯನ್ನು ತೆಂಗಿನ ನಾರಿನಿಂದ ಉಜ್ಜಿ ತೊಳೆದು, ಆಮೇಲೆ ಒಣಗಿಸಬೇಕು. ಫ್ರಿಜ್ಜಿನ ಹಿಂದಿನ ತಟ್ಟೆ, ಎಸಿಯ ನೀರು ಬೀಳುವ ಡಬ್ಬಿ, ಮನಿಪ್ಲಾಂಟಿನ ಬಾಟಲಿ, ತುಳಸಿ ಕುಂಡದ ಕೆಳಗಿನ ತಟ್ಟೆ, ಗ್ರಿಲ್ಲಿನ ಮೇಲೆ ಹೊದಿಸಿದ ತಾಡಪತ್ರೆಯ ಮಡಿಕೆ, ಪಾಲಿಕೆಯ ಕೀಟ ನಿಯಂತ್ರಣ ಸಿಬ್ಬಂದಿ ಮನೆಗೆ ಬಂದಾಗ ಹುಡುಕುವುದು ಇವನ್ನೇ. ಅವರು ಬಾಗಿಲು ತಟ್ಟಿದಾಗ ಬೇಸರಪಡದೆ ಒಳಗೆ ಬಿಡಬೇಕು. ಈಡಿಸ್ ಬಹಳ ದೂರ ಹಾರುವುದಿಲ್ಲ, ಒಂದು ಫ್ಲ್ಯಾಟಿನ ಕುಂಡ ಆ ಕಟ್ಟಡಕ್ಕೂ ಅಕ್ಕಪಕ್ಕದ ಮನೆಗಳಿಗೂ ಸಾಕು.

ಕುಡಿಯುವ ನೀರಿನ ವಿಷಯದಲ್ಲಿ ನಮ್ಮ ಹುಬ್ಬಳ್ಳಿ-ಧಾರವಾಡದಿಂದಲೇ ಒಂದು ಪುರಾವೆ ಇದೆ. ಅಲ್ಲಿ ಕೆಲವು ವಾರ್ಡುಗಳಿಗೆ ದಿನವಿಡೀ ನೀರು, ಉಳಿದವಕ್ಕೆ ಕೆಲವು ದಿನಗಳಿಗೊಮ್ಮೆ ನೀರು ಬರುತ್ತಿದ್ದ ಸ್ಥಿತಿಯನ್ನು ಬಳಸಿಕೊಂಡು ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ನಡೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಬಿಟ್ಟು ಬಿಟ್ಟು ಬರುವ ನೀರಿನಲ್ಲಿ ಮಲಿನತೆ ಹೆಚ್ಚು, ಮಳೆಗಾಲದಲ್ಲಿ ಇನ್ನೂ ಹೆಚ್ಚು ಎಂದು ಅದು ಕಂಡುಕೊಂಡಿತು. ಒತ್ತಡವಿಲ್ಲದ ಕೊಳವೆಗೆ ಸುತ್ತಲಿನ ಕೊಳೆನೀರು ಬಿರುಕುಗಳಿಂದ ನುಸುಳುತ್ತದೆ, ನೀರು ಮತ್ತೆ ಬಿಟ್ಟಾಗ ಮೊದಲು ಬರುವುದು ಅದೇ. ಅಂಧೇರಿಯಲ್ಲೂ ನೀರು ಹೊತ್ತು ನೋಡಿ ಬರುವುದರಿಂದ, ನಲ್ಲಿಯ ಮೊದಲ ಒಂದೆರಡು ಬಕೆಟ್ ನೆಲಕ್ಕೂ ಶೌಚಕ್ಕೂ ಹೋಗಲಿ, ಕುಡಿಯುವ ನೀರು ಆಮೇಲೆ ತುಂಬಲಿ. ಮಳೆಗಾಲದಲ್ಲಿ ಅದನ್ನು ಕೊತಕೊತ ಕುದಿಸಿ ಆರಿಸಿ, ಬಾಯಿ ಕಿರಿದಾದ ಅಥವಾ ನಲ್ಲಿಯಿರುವ ಪಾತ್ರೆಯಲ್ಲಿ ಇಡಿ. ಶುದ್ಧ ನೀರಿಗೆ ಲೋಟ ಹಿಡಿದ ಕೈ ಮುಳುಗಿಸಿದರೆ ಕುದಿಸಿದ್ದೂ ವ್ಯರ್ಥ.

ಸೋಂಕುನಾಶಕ ಬೇಡವೇ ಬೇಡ ಎಂದು ಇಲ್ಲಿ ಹೇಳುತ್ತಿಲ್ಲ. ಮನೆಯಲ್ಲಿ ವಾಂತಿ-ಭೇದಿಯ ರೋಗಿಯಿದ್ದರೆ, ಗಟಾರದ ನೀರು ಒಳಗೆ ನುಗ್ಗಿದ್ದರೆ ಬ್ಲೀಚ್ ಬೇಕೇ ಬೇಕು. ಆದರೆ ಕೊಳೆ ತೊಳೆದ ಮೇಲೆ ಅದನ್ನು ಬಳಸಬೇಕು, ಒಂದು ಲೀಟರ್ ನೀರಿಗೆ ನಾಲ್ಕು ಟೀ ಚಮಚ ಸಾಕು. ಕೊಳೆಯ ಮೇಲೆಯೇ ಸುರಿದ ಬ್ಲೀಚಿನ ಶಕ್ತಿಯೆಲ್ಲ ಕೊಳೆಯಲ್ಲೇ ಮುಗಿದುಹೋಗುತ್ತದೆ. ಶೌಚಾಲಯಕ್ಕೆ ಹಾಕುವ ಆಮ್ಲದ ಕ್ಲೀನರ್ ಜೊತೆ ಅದು ಸೇರಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. ಕಿಟಕಿಯಿಲ್ಲದ ಮುಂಬಯಿ ಬಚ್ಚಲಿನಲ್ಲಿ ಅದು ಶ್ವಾಸಕೋಶವನ್ನೇ ಸುಡಬಲ್ಲದು. ಈ ಎರಡು ಬಾಟಲಿಗಳನ್ನು ಬೇರೆ ಬೇರೆ ಶೆಲ್ಫಿನಲ್ಲಿ ಇಡಿ, ಕೆಲಸಕ್ಕೆ ಬರುವ ಬಾಯಿಗೂ ಅವರ ಭಾಷೆಯಲ್ಲೇ ತಿಳಿಸಿ ಹೇಳಿ. ಉಸಿರು ಕಟ್ಟುವುದು ಹೆಚ್ಚಾಗಿ ಅವರಿಗೇ.

ಇಷ್ಟೆಲ್ಲ ಮಾಡಲು ಯಾರಿಗೆ ಸಮಯವಿದೆ ಎಂಬ ಪ್ರಶ್ನೆಯನ್ನು ನಾನು ಎಲ್ಲಕ್ಕಿಂತ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಅದೂ ಮನೆಗೆಲಸ ಮಾಡುವ ಗಂಡಸರನ್ನಷ್ಟೇ ಲೆಕ್ಕ ಹಿಡಿದರೆ. ಲೋಕಲ್ ರೈಲಿನಲ್ಲಿ ಎರಡು ಗಂಟೆ ಕಳೆದು ಬಂದ ಹೆಂಗಸಿನ ಮೇಲೆ ಹೊಸ ಕರ್ತವ್ಯಗಳ ಪಟ್ಟಿ ಹೇರುವ ಲೇಖನ ಅನ್ಯಾಯದ್ದು. ಒಣಗಿಸುವ ಕ್ರಮದ ಒಂದು ಗುಣವೆಂದರೆ ಅದು ಚಿಕ್ಕ ಚಿಕ್ಕ ತುಂಡುಗಳಾಗಿ ಎಲ್ಲರಿಗೂ ಹಂಚಿಹೋಗುತ್ತದೆ. ಬಚ್ಚಲಿನಿಂದ ಹೊರಬರುವವನೇ ವೈಪರ್ ಎಳೆಯಬೇಕು, ರಾತ್ರಿ ಕೊನೆಗೆ ನೀರು ಕುಡಿದವನೇ ಸಿಂಕು ಒರೆಸಬೇಕು, ಬಟ್ಟೆ ಬಿಚ್ಚಿದವನೇ ಅದನ್ನು ಹರವಬೇಕು. ಪ್ರತಿಯಾಗಿ ಕೆಲವು ಕೆಲಸಗಳನ್ನು ಕೈಬಿಡಬಹುದು. ಜುಲೈನಲ್ಲಿ ಸಂಜೆ ಎರಡನೆಯ ಸಲ ನೆಲ ಒರೆಸುವುದು ಅಗತ್ಯವಿಲ್ಲ, ಅದರಿಂದ ತೇವವೇ ಹೆಚ್ಚು. ಒಮ್ಮೆ, ಚೆನ್ನಾಗಿ ಹಿಂಡಿದ ಬಟ್ಟೆಯಿಂದ, ಫ್ಯಾನ್ ಹಾಕಿಕೊಂಡು ಒರೆಸಿದರೆ ಸಾಕು. ವಾರಕ್ಕೊಮ್ಮೆ ನೀರು ಹೊಯ್ದು ತೊಳೆಯುವುದನ್ನು ಅಕ್ಟೋಬರ್‌ವರೆಗೆ ಮುಂದೂಡಿ.

ಒಂದೇ ಕಿಟಕಿಯ ಕೋಣೆ, ಚಾಳಿನ ಮನೆ, ಬಾಡಿಗೆಯ ಗೂಡು ಇವುಗಳಲ್ಲಿ ಇರುವವರಿಗೆ ಈ ಮಾತುಗಳಲ್ಲಿ ಅರ್ಧದಷ್ಟು ಎಟುಕುವುದಿಲ್ಲ ಎಂಬುದು ಸತ್ಯ. ಅವರ ಮನೆಯ ರೋಗಕ್ಕೆ ಅವರ ಅಭ್ಯಾಸವಲ್ಲ, ಕಟ್ಟಿದವರ ಮತ್ತು ಕಟ್ಟಲು ಬಿಟ್ಟವರ ಲೆಕ್ಕಾಚಾರ ಕಾರಣ. ಆದರೂ ಗಾಳಿಗೆ ಒಳದಾರಿ ಹೇಗೋ ಹಾಗೆ ಹೊರದಾರಿಯೂ ಬೇಕು ಎಂಬ ಒಂದು ನಿಯಮ ಅಲ್ಲೂ ಕೆಲಸ ಮಾಡುತ್ತದೆ. ಕಿಟಕಿಯಲ್ಲಿ ಹೊರಮುಖವಾಗಿ ಇಟ್ಟ ಸಣ್ಣ ಟೇಬಲ್ ಫ್ಯಾನ್, ಎದುರಿನ ಬಾಗಿಲ ಮೇಲ್ಭಾಗದಲ್ಲಿ ಜಾಲರಿಯ ಸಂದು, ಇವೆರಡರಿಂದ ಅಡುಗೆಯ ಹೊತ್ತಿನ ಆವಿ ಹೊರಬೀಳುತ್ತದೆ. ಅಂಧೇರಿ ಸಬ್‌ವೇ ಸುತ್ತಲ ತಗ್ಗಿನಲ್ಲಿ, ಮೊಗ್ರಾ ನಾಲೆಯ ದಂಡೆಯಲ್ಲಿ ನೆಲಮಹಡಿಯಲ್ಲಿ ಇರುವವರು ಧಾನ್ಯ, ಕಾಗದಪತ್ರಗಳನ್ನು ಮೊಣಕಾಲೆತ್ತರಕ್ಕಿಂತ ಮೇಲೆ ಇಡಬೇಕು. ನೆರೆನೀರಿನಲ್ಲಿ ನಡೆದು ಬಂದವರು ಚಪ್ಪಲಿ ಬಾಗಿಲಲ್ಲೇ ಬಿಟ್ಟು ಕಾಲನ್ನು ಸೋಪಿನಿಂದ ತೊಳೆಯಬೇಕು. ಕಾಲಿನಲ್ಲಿ ಗಾಯವಿದ್ದರೆ ಇಲಿಜ್ವರ ತಡೆಯುವ ಮಾತ್ರೆಗಾಗಿ ಆದಷ್ಟು ಬೇಗ, 72 ಗಂಟೆಯೊಳಗೆ, ವೈದ್ಯರನ್ನು ಕಾಣಬೇಕು.

ಕೊನೆಗೆ ಗೋಡೆಯ ತೇವ. ಅದು ಹೊರಗಿನಿಂದ ಇಳಿದದ್ದೋ ಒಳಗಿನ ಆವಿ ಕೂತದ್ದೋ ಎಂದು ತಿಳಿಯದೆ ಬಣ್ಣಕ್ಕೆ ಹಣ ಸುರಿಯಬೇಡಿ. ಒಂದು ಚದರ ಅಡಿ ಅಲ್ಯೂಮಿನಿಯಂ ಹಾಳೆಯನ್ನು ಒರೆಸಿದ ಗೋಡೆಗೆ ನಾಲ್ಕೂ ಅಂಚು ಟೇಪಿನಿಂದ ಅಂಟಿಸಿ ಒಂದೆರಡು ದಿನ ಬಿಡಿ. ಹಾಳೆಯ ಗೋಡೆಯ ಬದಿ ಒದ್ದೆಯಾಗಿದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ, ಕೋಣೆಯ ಬದಿ ಒದ್ದೆಯಾಗಿದ್ದರೆ ಅದು ಮನೆಯ ಆವಿ. ಎರಡನೆಯದಕ್ಕೆ ಮೇಲೆ ಹೇಳಿದ ಕ್ರಮ ಸಾಕು. ಮೊದಲನೆಯದರಲ್ಲಿ ಟೆರೇಸಿನ ಸೋರಿಕೆ, ಹೊರಗೋಡೆಯಿಂದ ಇಳಿಯುವ ಮಳೆನೀರು ಇವುಗಳ ದುರಸ್ತಿ ಮಹಾರಾಷ್ಟ್ರದ ಮಾದರಿ ಉಪವಿಧಿಗಳಂತೆ ಸೊಸೈಟಿಯ ಹೊಣೆ. ಮೇಲಿನ ಮನೆಯ ಬಚ್ಚಲಿನಿಂದ ಇಳಿದರೆ ಅದು ಆ ಸದಸ್ಯರ ಹೊಣೆ. ಎರಡಕ್ಕೂ ಫೋಟೋ ಸಹಿತ ಲಿಖಿತ ಅರ್ಜಿ ಮಳೆಗಾಲದಲ್ಲೇ, ಕಲೆ ಹಸಿಯಾಗಿರುವಾಗಲೇ ಕೊಡಿ, ಏಕೆಂದರೆ ಮಾರ್ಚ್‌ನಲ್ಲಿ ತೋರಿಸಲು ಏನೂ ಇರುವುದಿಲ್ಲ. ದುರಸ್ತಿಯನ್ನು ಮಾತ್ರ ಅವಸರ ಮಾಡಬೇಡಿ. ದೀಪಾವಳಿಗೆ ಮನೆ ಹೊಸದಾಗಿ ಕಾಣಲಿ ಎಂದು ಅಕ್ಟೋಬರ್‌ನಲ್ಲಿ ಒದ್ದೆ ಗೋಡೆಗೆ ಪುಟ್ಟಿ, ಬಣ್ಣ ಹಚ್ಚಿದರೆ ಒಳಗಿನ ನೀರು ಅಲ್ಲೇ ಸಿಕ್ಕಿಕೊಂಡು ಮುಂದಿನ ಜೂನ್‌ಗೆ ಗುಳ್ಳೆಯಾಗಿ ಏಳುತ್ತದೆ. ಅಕ್ಟೋಬರ್‌ನ ಬಿಸಿಲಿಗೆ ಹಾಸಿಗೆ, ದಿಂಬು, ಮರದ ಪೆಟ್ಟಿಗೆಗಳು ಹೊರಬರಲಿ, ಸಡಿಲಾದ ಗಾರೆಯನ್ನು ಕೆರೆದು ಗೋಡೆಯನ್ನು ಬರಿದಾಗಿ ಬಿಡಿ. ಬಿರುಕು ಮುಚ್ಚುವ ಕೆಲಸ ಡಿಸೆಂಬರ್‌ನಲ್ಲಿ, ಬಣ್ಣ ಜನವರಿಯಲ್ಲಿ, ಅದೇ ಹಾಳೆಯನ್ನು ಇನ್ನೊಮ್ಮೆ ಅಂಟಿಸಿ ಗೋಡೆಯ ಬದಿ ಒಣಗಿದೆ ಎಂದು ನೋಡಿದ ಮೇಲೆ.